ಬ್ಯಾಟಿಗೆ ಕಟ್ಟಿದ ಬೀಗದ ಕೈ

ಹುಡುಗರು ಶಿಳ್ಳೆ ಹೊಡೆಯಬಹುದು. ಹುಡುಗಿಯರು ಎದ್ದು ಹೊರಗೆ ಹೋಗಿಬಿಡಬಹುದು. ಹುಡುಗಿಯರು ಕೂತೇ ಇದ್ದು ನಾನೇ ಎದ್ದು ಹೊರಗೆ ಹೋಗಿಬಿಡಬಹುದು. ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಬಹುದು. ಅದರಲ್ಲಿ ನನ್ನ ಮಾತು ಕೇಳಿಸದೆ ಬೋರ್ಡಿನ ಮೇಲಿನ ಚಿತ್ರ ಮಾತ್ರ ಕಾಣಿಸಬಹುದು. ಮಾರನೆಯ ದಿನ ಊರವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬರಬಹುದು. ಮೇಲಿನ ಕಚೇರಿಯಿಂದ ಕಾರಣ ಕೇಳಿ ನೋಟಿಸು ಬರಬಹುದು. ಪತ್ರಿಕೆಯವರು ಫೋಟೋ ಕೇಳಬಹುದು. ನನ್ನ ಹತ್ತಿರ ಇರುವುದು ಆಧಾರ್ ಕಾರ್ಡಿನದು ಒಂದೇ, ಅದರಲ್ಲಿ ನಾನು ಆಗಲೇ ತಪ್ಪೊಪ್ಪಿಕೊಂಡವನ ಹಾಗೆ ಕಾಣುತ್ತೇನೆ. ಸುದ್ದಿ ಹೆಂಡತಿಯ ತವರಿಗೆ ಮುಟ್ಟಬಹುದು. ಒಬ್ಬ ಹುಡುಗ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಹುದು. ಇನ್ನೊಬ್ಬ, ಉತ್ತರ ಗೊತ್ತಿದ್ದೂ ಹೇಳಲಾಗದ ಪ್ರಶ್ನೆ ಕೇಳಬಹುದು. ಎಲ್ಲದರ ಮೇಲೆ, ಹಕಾರವನ್ನು ನುಂಗಿ ಮಾತಾಡುವ ಸೀಮೆಯಲ್ಲಿ ಹುಟ್ಟಿ, ಮೇಷ್ಟರಾದ ಮೇಲೆ ಕಷ್ಟಪಟ್ಟು ಅದನ್ನು ಕಲಿತ ನಾನು, ಗಾಬರಿಯಲ್ಲಿ ಬೇಡದ ಕಡೆಯೂ ಸೇರಿಸಿ ಅಂಡಾಶಯವನ್ನು ‘ಹಂಡಾಶಯ’ ಎಂದುಬಿಡಬಹುದು. ಮಕ್ಕಳೆಲ್ಲ ಅದನ್ನೇ ಬರೆದುಕೊಂಡು ಪರೀಕ್ಷೆಯಲ್ಲಿ ನೀರು ಕಾಯಿಸುವ ಹಂಡೆಯ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬಹುದು.

ಹೋದ ತಿಂಗಳು ಹಾಸನದಲ್ಲಿ ವಿಜ್ಞಾನ ಶಿಕ್ಷಕರಿಗೆ ಎರಡು ದಿನದ ತರಬೇತಿ ಇತ್ತು. ಹದಿಹರೆಯದ ಮಕ್ಕಳಿಗೆ ಅವರ ದೇಹದ ಬಗ್ಗೆ, ಹೆಣ್ಣು ಗಂಡು ಸಮಾನರೆಂಬುದರ ಬಗ್ಗೆ ಪಾಠ ಮಾಡುವುದು ಹೇಗೆ ಎಂಬುದು ವಿಷಯ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ತರಗತಿಯಲ್ಲಿ ಏನೇನು ತೊಂದರೆ ಬರಬಹುದೋ ಬರೆಯಿರಿ ಎಂದರು. ನಾನು ಎರಡನೆಯ ಹಾಳೆ ಕೇಳಿದೆ. ಪಕ್ಕದಲ್ಲಿ ಕೂತಿದ್ದ ಚನ್ನರಾಯಪಟ್ಟಣದ ಕಡೆಯ ಹೊಸ ಶಿಕ್ಷಕಿ ಇಣುಕಿ ನೋಡಿದರು.

‘ಸಾರ್, ಇದೆಲ್ಲ ಆಗಿತ್ತಾ ನಿಮಗೆ?’

‘ಇಲ್ಲ ಮೇಡಂ. ಆಗಬಹುದು ಅಂತ ಮೂರು ವರ್ಷದ ಹಿಂದೆ ಬರೆದಿಟ್ಟುಕೊಂಡಿದ್ದೆ. ಈಗ ಬಾಯಿಪಾಠ.’

‘ಮತ್ತೆ ಆಗಿದ್ದೇನು?’

ಹೇಳುವಷ್ಟರಲ್ಲಿ ಟೀ ಬಿಡುವು ಕೊಟ್ಟರು. ಆ ಶಿಕ್ಷಕಿ ಕಚೇರಿಯಲ್ಲಿ ಕೇಳಿ ಶೌಚಾಲಯದ ಬೀಗದ ಕೈ ತಂದರು. ಅದಕ್ಕೆ ಗೇಣುದ್ದದ ಮರದ ತುಂಡು ಕಟ್ಟಿತ್ತು. ಆ ತುಂಡನ್ನು ದುಪಟ್ಟಾದೊಳಗೆ ಸೇರಿಸಿಕೊಂಡು, ಟೀ ಕುಡಿಯುತ್ತಿದ್ದ ಗಂಡಸರ ಗುಂಪನ್ನು ಬಳಸಿ ಗೋಡೆಗುಂಟ ನಡೆದು ಹೋದರು. ಆಮೇಲೆ ತರಬೇತಿಯಲ್ಲಿ ಏನು ಹೇಳಿದರೋ, ನನ್ನ ಕಿವಿಗೆ ಬೀಳಲಿಲ್ಲ.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತು, ಇಳಿದು, ನಾಲೆಯ ಏರಿಯ ಮೇಲೆ ಸ್ವಲ್ಪ ನಡೆದರೆ ಆ ಪ್ರೌಢಶಾಲೆ. ಊರಿನ ಹೆಸರು ಹೇಳುವುದಿಲ್ಲ. ಊರಿನವರ ಹತ್ತಿರ ನನ್ನ ಫೋನ್ ನಂಬರು ಇದೆ. ಅಲ್ಲಿ ನಾನು ಐದು ವರ್ಷ ಇದ್ದೆ. ಮೊದಲ ನಾಲ್ಕು ವರ್ಷ ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠವನ್ನು ಎಲ್ಲರೂ ಮಾಡುವಂತೆಯೇ ಮಾಡಿದೆ. ದಾಸವಾಳದ ಹೂವಿಗೆ ಆರು ಪೀರಿಯಡ್ಡು, ಮನುಷ್ಯರಿಗೆ ಆರು ನಿಮಿಷ. ‘ಉಳಿದದ್ದು ಸುಲಭ, ಮನೆಯಲ್ಲಿ ಓದಿಕೊಳ್ಳಿ’ ಎನ್ನುತ್ತಿದ್ದೆ. ನನ್ನಷ್ಟು ವಿವರವಾಗಿ ದಾಸವಾಳವನ್ನು ಬಿಡಿಸಿ ತೋರಿಸುವ ಮೇಷ್ಟರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಆ ಶಾಲೆಗೆ ನಾನು ಕೊಟ್ಟ ಇನ್ನೊಂದು ಕೊಡುಗೆ ಬೀಗದ ಕೈ. ಹುಡುಗಿಯರ ಶೌಚಾಲಯ ಆಟದ ಬಯಲಿನ ಆಚೆ ತುದಿಯಲ್ಲಿತ್ತು. ಸಂಜೆ ಹೊರಗಿನವರು ನುಗ್ಗುತ್ತಾರೆಂದು ಅದಕ್ಕೆ ಬೀಗ. ನಾನು ಹೋದ ಮೊದಲ ವರ್ಷ ಅದರ ಕೈ ಎರಡು ಸಲ ಕಳೆದುಹೋಯಿತು. ಕಳೆಯುವ ವಸ್ತುಗಳ ಬಗ್ಗೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಮುರಿದ ಕ್ರಿಕೆಟ್ ಬ್ಯಾಟಿನ ಹಿಡಿ, ಅದಕ್ಕೆ ಅಂಟಿಕೊಂಡ ಅರ್ಧ ಹಲಗೆ ಸಮೇತ, ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ತೂತು ಕೊರೆದು, ತಂತಿ ಸುತ್ತಿ, ಬೀಗದ ಕೈ ಕಟ್ಟಿ, ಮುಖ್ಯ ಶಿಕ್ಷಕಿಯವರ ಕೊಠಡಿಯ ಹೊರಗೆ ಮೊಳೆಗೆ ನೇತುಹಾಕಿದೆ. ಜೇಬಿಗೆ ಹೋಗದು, ಬ್ಯಾಗಿಗೆ ಹೋಗದು, ಕಳೆಯಬೇಕೆಂದರೂ ಕಳೆಯದು. ಮುಖ್ಯ ಶಿಕ್ಷಕಿ ಪಾರ್ವತಮ್ಮ ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ವಿನಯದಿಂದ.

ಐದನೆಯ ವರ್ಷ ನಾನು ಹತ್ತನೆಯ ತರಗತಿಗೆ ತರಗತಿ ಶಿಕ್ಷಕ. ಹಾಜರಿ ಪುಸ್ತಕ ನನ್ನ ಕೈಯಲ್ಲಿ. ಆಗಸ್ಟಿನ ಕೊನೆಗೆ ಒಂದು ಹೆಸರಿನ ಮುಂದೆ ಬೆರಳು ನಿಂತಿತು: ಹರ್ಷಿತಾ. ಮೊದಲ ಬೆಂಚಿನ ಹುಡುಗಿ. ಉತ್ತರ ಗೊತ್ತಿದ್ದರೆ ಕೈ ಎತ್ತುವುದಿಲ್ಲ, ಸುಮ್ಮನೆ ಎದ್ದು ನಿಲ್ಲುತ್ತಾಳೆ. ಡೆಂಗಿ ಜ್ವರ, ಆಮೇಲಿನ ಸುಸ್ತು ಎಂದು ಜುಲೈ ಪೂರ್ತಿ ಬಂದಿರಲಿಲ್ಲ, ಅದು ಸರಿ. ಉಳಿದ ತಿಂಗಳುಗಳಲ್ಲೂ ನಾಲ್ಕು ದಿನ, ಐದು ದಿನ ಖಾಲಿ. ಹೀಗೇ ಹೋದರೆ ಶೇಕಡಾ ಎಪ್ಪತ್ತೈದು ಹಾಜರಿ ಆಗುವುದಿಲ್ಲ; ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರದಿದ್ದರೆ ಮುಂದೆ ಏನಾಗುತ್ತದೆ ಎಂಬುದು ಆ ಊರಿನ ಹೆಣ್ಣುಮಕ್ಕಳ ವಿಚಾರದಲ್ಲಿ ಊಹಿಸಬೇಕಾದದ್ದೇನೂ ಅಲ್ಲ. ಹಾಜರಿಯನ್ನು ತಿದ್ದಬಹುದಿತ್ತಲ್ಲ ಎಂದು ಕೇಳಬೇಡಿ. ತಿದ್ದಿದರೆ ಏನೇನಾಗಬಹುದು ಎಂಬುದಕ್ಕೆ ನನ್ನಲ್ಲಿ ಬೇರೆಯೇ ಪಟ್ಟಿ ಇತ್ತು.

ಕುತೂಹಲಕ್ಕೆ ಖಾಲಿ ದಿನಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದೆ. ಚುಕ್ಕಿಗಳು ಗುಂಪುಗುಂಪಾಗಿ, ಗುಂಪಿಂದ ಗುಂಪಿಗೆ ಒಂದೇ ಅಂತರದಲ್ಲಿ ಬಿದ್ದವು. ಇದು ಯಾವ ನಿಯಮ ಎಂದು ವಿಜ್ಞಾನಿಯ ಹಾಗೆ ಹುಬ್ಬು ಗಂಟಿಕ್ಕಿ ಐದು ನಿಮಿಷ ನೋಡಿದೆ. ಆರನೆಯ ನಿಮಿಷಕ್ಕೆ ಹೊಳೆಯಿತು. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿ ಆಚೀಚೆ ನೋಡಿದೆ. ಇನ್ನಿಬ್ಬರು ಹುಡುಗಿಯರ ಹೆಸರಿನ ಮುಂದೂ, ಸ್ವಲ್ಪ ಕಡಿಮೆ, ಅಂಥವೇ ಚುಕ್ಕಿಗಳಿದ್ದವು.

ಕಾರಣ ನನಗೆ ಗೊತ್ತೇ ಇದೆ ಅಂದುಕೊಂಡೆ. ಮನೆಯಲ್ಲಿ ಅಜ್ಜಿ. ಅಪ್ಪ ಅಮ್ಮ ಸಕಲೇಶಪುರದ ಕಡೆ ಎಸ್ಟೇಟಿನ ಕೂಲಿಗೆ ಹೋಗಿದ್ದರು. ಹಳೆಯ ಕಾಲದ ಅಜ್ಜಿ, ಮುಟ್ಟು, ಮೈಲಿಗೆ, ಮೂಲೆಯಲ್ಲಿ ಕೂರಿಸುವುದು. ಬಸ್ಸಿನಲ್ಲಿ ಒಂದು ಭಾಷಣವನ್ನು ಅಭ್ಯಾಸ ಮಾಡಿಕೊಂಡು ಅವರ ಮನೆಗೆ ಹೋದೆ. ಅಜ್ಜಿ ಚಿಕ್ಕತಾಯಮ್ಮ ಅಂಗಳದಲ್ಲಿ ಆಲೂಗೆಡ್ಡೆಯ ರಾಶಿ ಮುಂದಿಟ್ಟುಕೊಂಡು ದಪ್ಪದ್ದನ್ನೂ ಗೋಲಿಯಂಥದನ್ನೂ ಬೇರೆ ಮಾಡುತ್ತಿದ್ದರು. ಹರ್ಷಿತಾ ನನ್ನನ್ನು ನೋಡಿ ಒಳಗೆ ಹೋದಳು.

‘ಅಜ್ಜಿ, ಹುಡುಗಿ ತಿಂಗಳಿಗೆ ನಾಲ್ಕೈದು ದಿನ ಸ್ಕೂಲಿಗೆ ಬರ್ತಾ ಇಲ್ಲ.’

‘ಗೊತ್ತು ಕಣ್ ಸಾ. ಮನೇಲಿ ಬಿದ್ಕಂಡಿರ್ತಳೆ.’

‘ಆ ದಿನಗಳಲ್ಲಿ ನೀವು ಏನಾದ್ರೂ... ಈ ಮಡಿ, ಮೈಲಿಗೆ ಅಂತ...’

‘ಯಾರು, ನಾನಾ? ನಾನು ಒರಗಾದಾಗ ಕೂತೋಳಲ್ಲ ಸಾ, ಗೆಡ್ಡೆ ಕಿತ್ತೋಳು. ಕೂತಿದ್ರೆ ಕೂಲಿ ಯಾರ್ ಕೊಡೋರು? ಓಗು ಅಂತ ನಾನೇ ಬಯ್ತೀನಿ. ಓಗಕಿಲ್ಲ ಅಂತಳೆ. ಯಾಕವ್ವ ಅಂದ್ರೆ, ಬ್ಯಾಟು ಅಂತಳೆ.’

‘ಏನು?’

‘ಬ್ಯಾಟು. ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಇಸ್ಕೂಲ್ನಾಗೆ ಬ್ಯಾಟ್ ತಕ್ಕಂಡು ಒಡೀತೀರಾ ಸಾ?’

‘ಇಲ್ಲಜ್ಜಿ. ಈಗ ಹೊಡೆಯೋ ಹಾಗೇ ಇಲ್ಲ.’

‘ಅದ್ಕೇಯ ಕೇಳ್ದೆ. ನೋಡುದ್ರೆ ಒಡಿಯೋರಂಗೂ ಇಲ್ಲ ನೀವು.’

ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಅಜ್ಜಿ ಕೊಟ್ಟ ಎರಡು ಕೆಜಿ ಆಲೂಗೆಡ್ಡೆ ಹೊತ್ತು ಬಸ್ ಹತ್ತಿದೆ. ಬ್ಯಾಟು ಎಂದರೆ ಏನು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೊಳೆ ದಾಟುವವರೆಗೂ ನನಗೆ ಹೊಳೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಪ್ರಯೋಗಾಲಯದ ಕಿಟಕಿಯಲ್ಲಿ ನಿಂತೆ. ಹುಡುಗರು ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊಳೆಯಿಂದ ಆ ಅರ್ಧ ಬ್ಯಾಟನ್ನು ತೆಗೆದುಕೊಂಡು ಬಯಲಿಗೆ ಇಳಿದಳು. ಆಟ ನಿಂತಿತು. ಬೌಲ್ ಮಾಡುತ್ತಿದ್ದವನು ಚೆಂಡನ್ನು ಕೈಯಲ್ಲೇ ಹಿಡಿದು ನಿಂತ. ಅವಳು ಬಯಲಿನ ನಟ್ಟನಡುವೆ ಬಂದಾಗ, ನನ್ನ ತರಗತಿಯ ಮನು, ಅವರ ಕ್ಯಾಪ್ಟನ್, ಗಂಭೀರವಾದ ಮುಖ ಮಾಡಿ ಅಂಪೈರಿನ ಹಾಗೆ ಒಂದು ಬೆರಳನ್ನು ಮೇಲಕ್ಕೆ ಎತ್ತಿದ.

ಔಟ್. ಹೊರಗಾಗಿದ್ದಾಳೆ.

ಯಾರೂ ಕೂಗಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ಹುಡುಗಿ ಬ್ಯಾಟನ್ನು ಕಾಲಿಗೆ ಒತ್ತಿಕೊಂಡು ಬೇಗಬೇಗ ನಡೆದಳು. ಅವಳಿಗೆ ಬರೀ ಒಂದಕ್ಕೆ ಹೋಗಬೇಕಿತ್ತೋ ಏನೋ. ಬ್ಯಾಟು ಹಿಡಿದ ಮೇಲೆ ಎಲ್ಲರೂ ಔಟೇ. ಇಂಥ ಒಂದೊಂದು ನಡಿಗೆಯನ್ನು ದಿನಕ್ಕೆ ಮೂರು ಸಲ ಮಾಡಬೇಕಾದ ದಿನಗಳಲ್ಲಿ ಹರ್ಷಿತಾ ಮನೆಯಲ್ಲೇ ಉಳಿಯುತ್ತಿದ್ದಳು. ಅವಳನ್ನು ಹೊರಗೆ ಕೂರಿಸಿದ್ದು ಅಜ್ಜಿಯಲ್ಲ. ಮೊಳೆ ಹೊಡೆದು, ತಂತಿ ಸುತ್ತಿ, ಹೊಗಳಿಸಿಕೊಂಡು ಕೂರಿಸಿದವನು ನಾನು.

ಸಂಜೆ ಪಾರ್ವತಮ್ಮ ಮೇಡಂ ಹತ್ತಿರ ಹೋಗಿ, ಕಂಡದ್ದನ್ನು ಹೇಳಿ, ಬ್ಯಾಟನ್ನು ಈಗಲೇ ತೆಗೆದುಬಿಡುತ್ತೇನೆ ಎಂದೆ.

‘ತೆಗೀರಿ. ಬ್ಯಾಟ್ ತೆಗೆದ್ರೆ ಬೆರಳು ಇಳಿಯುತ್ತಾ ಸಾರ್?’

‘ಮನುವನ್ನ ಕರೆದು ಬಯ್ತೀನಿ.’

‘ಏನಂತ ಬಯ್ತೀರಿ? ವಾಕ್ಯ ಹೇಳಿ, ಕೇಳೋಣ.’

ನಾನು ಬಾಯಿ ತೆರೆದೆ. ವಾಕ್ಯ ಬರಲಿಲ್ಲ. ಆ ವಾಕ್ಯದಲ್ಲಿ ಬೇಕಾದ ಮಾತುಗಳೆಲ್ಲ ನಾನು ನಾಲ್ಕು ವರ್ಷ ‘ಮನೆಯಲ್ಲಿ ಓದಿಕೊಳ್ಳಿ’ ಎಂದ ಪುಟಗಳಲ್ಲಿದ್ದವು.

‘ಪಾಠ ಮಾಡಿ ಸಾರ್,’ ಎಂದರು ಮೇಡಂ. ‘ಹುಡುಗ್ರು ಹುಡುಗೀರು ಒಟ್ಟಿಗೆ. ನಾನು ಹಿಂದೆ ಕೂತಿರ್ತೀನಿ.’

ಪಟ್ಟಿ ಬರೆದದ್ದು ಆ ರಾತ್ರಿ. ಒಂದು ವಾರ ಸ್ನಾನದ ಮನೆಯಲ್ಲಿ ಪಾಠ ಒಪ್ಪಿಸಿಕೊಂಡೆ, ನಲ್ಲಿ ಬಿಟ್ಟುಕೊಂಡು. ‘ಅಂಡಾಶಯ, ಅಂಡಾಶಯ, ಹಕಾರ ಇಲ್ಲ.’ ನಾಲ್ಕನೆಯ ದಿನ ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ಬಾಗಿಲ ಹೊರಗಿನಿಂದ ಹೇಳಿದಳು: ‘ಅಪ್ಪ, ಅಂಡಾಶಯ ಎರಡು ಇರುತ್ತೆ. ನೀನು ಒಂದೇ ಹೇಳ್ತಿದೀಯ. ಆಮೇಲೆ ನೀರು ಖಾಲಿಯಾಗ್ತಿದೆ.’ ಅವಳ ಜೊತೆ ಈ ವಿಷಯದಲ್ಲಿ ನಾನು ನಡೆಸಿದ ಮೊದಲ ಮಾತುಕತೆ ಅದು, ಮತ್ತು ನನ್ನ ಕಡೆಯಿಂದ ಅದರಲ್ಲಿ ಇದ್ದದ್ದು ‘ಹ್ಞೂಂ’ ಒಂದೇ.

ಪಾಠಕ್ಕೆ ಮೊದಲು ಪೋಷಕರ ಸಭೆ. ಟ್ರ್ಯಾಕ್ಟರುಗಳ ಬಗ್ಗೆ ನಾನು ಯೋಚಿಸುತ್ತಿದ್ದುದು ಆಗ. ವಿಷಯವನ್ನು ಮೇಡಂ ಎರಡೇ ಮಾತಿನಲ್ಲಿ ಹೇಳಿ ಕೂತರು. ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟಸ್ವಾಮಣ್ಣ ಕೇಳಿದರು.

‘ಬುಕ್ನಾಗೆ ಐತಾ ಸಾ ಇದು?’

‘ಇದೆ.’

‘ಎಷ್ಟ್ ಮಾರ್ಕ್ಸಿಗೆ ಬತ್ತದೆ?’

ಹೇಳಿದೆ.

‘ಅಷ್ಟ್ ಮಾರ್ಕ್ಸಿಂದು ಇಷ್ಟ್ ವರ್ಸ ಬಿಟ್ಬುಟ್ಟಿದ್ರಾ?’

ಹೆಂಗಸರ ಕಡೆಯಿಂದ ನಗು. ಒಬ್ಬಾಕೆ, ‘ಗಂಡೈಕ್ಳಿಗೂ ಸರ್ಯಾಗೇ ಏಳಿ ಸಾ. ನಮ್ಮನೇಲಿ ದೊಡ್ಡೋರ್ಗೇ ಗೊತ್ತಿಲ್ಲ’ ಎಂದರು. ಅವರ ಯಜಮಾನರು ಫ್ಯಾನನ್ನು ನೋಡತೊಡಗಿದರು. ಸಭೆ ಮುಗಿಯಿತು.

ಪಾಠದ ದಿನ ನಾನು ಎದುರಿಸಿದ ತೊಡಕು ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಭಾಷೆಯಲ್ಲಿ ದೇಹದ ಆ ಭಾಗಗಳಿಗೆ ಎರಡೇ ಬಗೆಯ ಹೆಸರುಗಳಿವೆ. ಒಂದು ಪುಸ್ತಕದ ಸಂಸ್ಕೃತ. ಗಟ್ಟಿಯಾಗಿ ಓದಿದರೆ ಎಲ್ಲೋ ಅರ್ಚನೆ ನಡೆಯುತ್ತಿದೆ ಅನ್ನಿಸುತ್ತದೆ. ಇನ್ನೊಂದು ಬಸ್ ನಿಲ್ದಾಣದ ಗೋಡೆಯದು. ಅದು ಮಕ್ಕಳಿಗೂ ಗೊತ್ತು, ನನಗೂ ಗೊತ್ತು, ಇಬ್ಬರಿಗೂ ಗೊತ್ತೆಂಬುದು ಇಬ್ಬರಿಗೂ ಗೊತ್ತು. ನಡುವೆ ಏನೂ ಇಲ್ಲ. ಮನೆಯಲ್ಲಿ ಹೇಳುವ ಮಾತೇ ಇಲ್ಲ. ‘ಅಂಡಾಶಯ’ ಎಂದು ಸರಿಯಾಗಿಯೇ ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ದನಿ ನಿಜವಾದ ಸಂಶಯದಿಂದ ಕೇಳಿತು: ‘ಸಾ, ಅಂಡೆ ಇಡೋ ಜಾಗನಾ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದೆ ಕೂತಿದ್ದ ಮೇಡಂ ನಕ್ಕರು. ಅಲ್ಲಿಂದ ಮುಂದೆ ನನಗೆ ಬೆವರು ನಿಂತಿತು.

ಸೀಮೆಸುಣ್ಣ ಹಿಡಿದು, ತಿಂಗಳ ಮುಟ್ಟಿಗೆ ನಿಮ್ಮ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಒಂದೊಂದಾಗಿ ಬಂದವು. ಹೊರಗಾಗೋದು. ಕಡೆಯಾಗೋದು. ಕಾಗೆ ಮುಟ್ಟಿದ್ದು. ಡೇಟು. ರಜ. ಬೋರ್ಡು ತುಂಬುವುದನ್ನು ಮನು ಬಾಯಿ ತೆರೆದು ನೋಡುತ್ತಿದ್ದ.

‘ಸಾ, ಇಷ್ಟೊಂದು ಎಸರು ಇಟ್ಟವ್ರೆ. ಒಂದ್ರಾಗೂ ಏನು ಅಂತ ಏಳೇ ಇಲ್ವಲ್ಲ ಸಾ.’

ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ತರಗತಿಯಲ್ಲಿ ಇಷ್ಟು ಒಳ್ಳೆಯ ಅವಲೋಕನವನ್ನು ಯಾರೂ ಮಾಡಿರಲಿಲ್ಲ. ಏನು ಅಂತ ಹೇಳಿದೆ. ರಕ್ತ ಎಲ್ಲಿಂದ ಬರುತ್ತದೆ, ಯಾಕೆ, ಎಷ್ಟು ದಿನ, ನೋವು ಎಲ್ಲಿ. ಹುಡುಗರ ದೇಹದಲ್ಲಿ ಆಗುವುದನ್ನೂ ಹೇಳಿದೆ. ಆಗ ಹುಡುಗರು ನೆಲ ನೋಡಿದರು, ಹುಡುಗಿಯರು ಮೊದಲ ಸಲ ತಲೆ ಎತ್ತಿದರು. ಕೊನೆಗೆ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಸಿಕೊಂಡೆ. ಹುಡುಗರಿಗೆ ಯಾಕೆ ಬರುವುದಿಲ್ಲ? ಓಡಿದರೆ ಜಾಸ್ತಿಯಾಗುತ್ತದಾ? ಅಮ್ಮನಿಗೂ ನೋವಾಗುತ್ತದಾ? ಹೊರಗಾದವರು ಮುಟ್ಟಿದರೆ ಕರಿಬೇವಿನ ಗಿಡ ಒಣಗುವುದು ನಿಜವಾ? ಇದಕ್ಕೆ ನಾನು ಉತ್ತರ ಹೇಳಲಿಲ್ಲ, ಎರಡು ಕುಂಡಗಳಲ್ಲಿ ಗಿಡ ನೆಡಿಸಿದೆ. ಒಂದನ್ನು ಹುಡುಗಿಯರು ತಿಂಗಳಿಡೀ ಮುಟ್ಟಿ ನೋಡಿಕೊಳ್ಳಬೇಕು, ಇನ್ನೊಂದನ್ನು ಹುಡುಗರು. ಹುಡುಗಿಯರದು ಚಿಗುರಿತು. ಹುಡುಗರದು ಒಣಗಿತು; ನೀರು ಹಾಕುವ ಸರದಿ ಯಾರದೆಂದು ಅವರವರೇ ಜಗಳವಾಡಿಕೊಂಡಿದ್ದರು.

ಒಂದು ಚೀಟಿಯಲ್ಲಿ ಓರೆ ಅಕ್ಷರದಲ್ಲಿ ಹೀಗಿತ್ತು: ‘ಬೆರಳು ಎತ್ತಿದರೆ ಅವರಿಗೆ ಬೇಜಾರಾಗುತ್ತಾ?’ ಅಕ್ಷರ ಯಾರದೆಂದು ನನಗೆ ಗೊತ್ತಿತ್ತು, ತರಗತಿಗೆಲ್ಲ ಗೊತ್ತಿತ್ತು. ಗಟ್ಟಿಯಾಗಿ ಓದಿ ತಲೆ ಎತ್ತುವಷ್ಟರಲ್ಲಿ ಹರ್ಷಿತಾ ಎದ್ದು ನಿಂತಿದ್ದಳು.

‘ಬೇಜಾರಲ್ಲ ಕಣ್ಲಾ ಮನು. ಹಾಜರಿ. ನೀನು ಒಂದ್ ಬೆರಳು ಎತ್ತಿದ್ರೆ ನಂಗೆ ಒಂದ್ ದಿವ್ಸ ಓಯ್ತದೆ. ಇಂಗೇ ಎತ್ತುತಾ ಇರು, ಮಾರ್ಚಲ್ಲಿ ನೀನು ಪರೀಕ್ಷೆ ಬರಿ, ನಾನು ಗೆಡ್ಡೆ ಆರುಸ್ತೀನಿ.’

ಮನು ಕೈಗಳನ್ನು ಬೆಂಚಿನ ಕೆಳಗೆ ಇಟ್ಟುಕೊಂಡ.

ಪಾಠ ಮುಗಿಯಲಿ ಎಂದು ಬಿಟ್ಟಿದ್ದ ತಂತಿಯನ್ನು ಅಂದು ಸಂಜೆ ಬಿಚ್ಚಿದೆ. ಬೀಗದ ಕೈಗೆ ಹುಡುಗಿಯರು ಒಂದು ಕೆಂಪು ದಾರ ಕಟ್ಟಿ, ತಮ್ಮಲ್ಲೇ ಸರದಿ ಮಾಡಿಕೊಂಡು ಇಟ್ಟುಕೊಳ್ಳತೊಡಗಿದರು. ಬ್ಯಾಟಿನ ಹಿಡಿಯನ್ನು, ಬೇಕಾಗಬಹುದು ಎಂದು, ಪ್ರಯೋಗಾಲಯದ ಬೀರುವಿನ ಮೇಲೆ ಎತ್ತಿಟ್ಟೆ. ದಿನವೂ ಬೆಳಿಗ್ಗೆ ‘ಕೀ ಇದೆಯಾ?’ ಎಂದು ಕೇಳುತ್ತಿದ್ದೆ. ‘ಐತೆ ಸಾ’ ಎನ್ನುತ್ತಿದ್ದರು, ನಾನು ಕೇಳುವ ಮೊದಲೇ. ಅಕ್ಟೋಬರ್ ಹೋಯಿತು, ನವೆಂಬರಿನಲ್ಲಿ ರಾಗಿ ಕೊಯ್ದರು, ಹರ್ಷಿತಾಳ ಹೆಸರಿನ ಮುಂದೆ ಖಾಲಿ ಮನೆ ಬೀಳಲಿಲ್ಲ. ಆದರೂ ಹಿಂದಿನ ಕೊರತೆ ದೊಡ್ಡದಿತ್ತು. ಲೆಕ್ಕ ಹಾಕಿದಾಗಲೆಲ್ಲ ಅದು ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಹಾಜರಿ ಪಟ್ಟಿ ಕಳಿಸುವ ಕೊನೆಯ ದಿನ ಅವಳು ಪೂರ್ತಿ ಕೂತರೆ ಎಪ್ಪತ್ತೈದು. ಮಧ್ಯಾಹ್ನ ಎದ್ದು ಹೋದರೆ ಅರ್ಧ ದಿನ ಕಡಿಮೆ.

ಆ ದಿನದ ಹಿಂದಿನ ಸಂಜೆ ನನಗೆ ಯೋಚನೆ ಹತ್ತಿತು. ಗ್ರಾಫ್ ಹಾಳೆ ತೆಗೆದು ನೋಡಿದೆ. ನಾಳೆ ಯಾವ ದಿನ ಎಂಬುದನ್ನು ಅದು ಹೇಳಿತು. ಇಷ್ಟು ತಿಂಗಳು ಕಳೆಯದ ಕೀ ನಾಳೆಯೇ ಕಳೆದರೆ? ಹುಡುಗಿಯರನ್ನು ಕರೆದು, ‘ಇವತ್ತೊಂದು ದಿನ ನನ್ನ ಹತ್ತಿರ ಇರಲಿ, ಜೋಪಾನವಾಗಿರುತ್ತೆ’ ಎಂದು ಕೆಂಪು ದಾರದ ಸಮೇತ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಮರುದಿನ ಹನ್ನೊಂದು ಗಂಟೆಗೆ ಹರ್ಷಿತಾ ಪ್ರಯೋಗಾಲಯದ ಬಾಗಿಲಿಗೆ ಬಂದಳು. ಮುಖ ಬಿಳಿಚಿತ್ತು.

‘ಸಾ, ಕೀ.’

ಜೇಬಿಗೆ ಕೈ ಹಾಕಿದೆ. ಇನ್ನೊಂದು ಜೇಬಿಗೆ ಹಾಕಿದೆ. ಶರ್ಟಿನ ಜೇಬು, ಬ್ಯಾಗು, ಊಟದ ಡಬ್ಬಿಯ ಚೀಲ. ಅಂದು ನಾನು ಬೇರೆ ಪ್ಯಾಂಟು ಹಾಕಿಕೊಂಡು ಬಂದಿದ್ದೆ.

‘ಮನೆಗೆ ಫೋನ್ ಮಾಡ್ತೀನಿ ಕಣಮ್ಮ, ಬಸ್ಸಿನವರ ಕೈಲಿ ಕಳಿಸೋಕೆ...’

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಮನೆಗೆ ಹೋಗುತ್ತೇನೆ ಎನ್ನುತ್ತಾಳೆ, ಮುಗಿಯಿತು, ಅಂದುಕೊಂಡೆ.

‘ಬ್ಯಾಟು ಎಲ್ಲೈತೆ ಸಾ?’

ಬೀರುವಿನ ಮೇಲೆ ಕೈ ತೋರಿಸಿದೆ. ಸ್ಟೂಲು ಹತ್ತಿ ತೆಗೆದುಕೊಂಡಳು. ಬಯಲಿನಲ್ಲಿ ಹುಡುಗರ ಆಟದ ಪೀರಿಯಡ್ಡು ನಡೆದಿತ್ತು. ಅವಳು ಬ್ಯಾಟನ್ನು ಮರೆಮಾಡದೆ, ಹೆಗಲ ಮೇಲಿಟ್ಟುಕೊಂಡು, ನಟ್ಟನಡುವೆಯೇ ನಡೆದಳು. ಆಟ ನಿಂತಿತು. ಕಿಟಕಿಯಲ್ಲಿ ನಾನು ನಿಂತೆ. ಶೌಚಾಲಯದ ಬಾಗಿಲಿನ ಮರ ಮಳೆಗೆ ನೆನೆನೆನೆದು ಲಡ್ಡಾಗಿತ್ತು. ಮೊದಲ ಏಟಿಗೆ ಚಿಲಕ ಅಲುಗಿತು. ಎರಡನೆಯದಕ್ಕೆ ಸ್ಕ್ರೂಗಳು ಬಂದವು. ಮೂರನೆಯದಕ್ಕೆ ಬೀಗ, ಚಿಲಕ, ಒಂದು ಚೂರು ಬಾಗಿಲು, ಎಲ್ಲ ಒಟ್ಟಿಗೆ ಹಾರಿ ಬಯಲಿಗೆ ಬಿದ್ದವು.

ಪಿಚ್ಚಿನ ನಡುವೆ ನಿಂತಿದ್ದ ಮನು ಬೀಗವನ್ನೂ ನೋಡಿದ, ಅವಳನ್ನೂ ನೋಡಿದ. ಆಮೇಲೆ ಗಂಭೀರವಾದ ಮುಖ ಹಾಗೆಯೇ ಇಟ್ಟುಕೊಂಡು ಎರಡೂ ಕೈಗಳನ್ನು ನೇರ ಮೇಲಕ್ಕೆ ಎತ್ತಿದ. ಸಿಕ್ಸರ್.

ಸಂಜೆ ನಾಲ್ಕೂವರೆಗೆ ಹಾಜರಿ ಪುಸ್ತಕದಲ್ಲಿ ಅವಳ ಮಧ್ಯಾಹ್ನದ ಗುರುತು ಹಾಕಿದೆ. ಪೆನ್ನು ಸರಿಯಾಗಿ ಬರೆಯುತ್ತದೋ ಇಲ್ಲವೋ ಎಂದು ಮೊದಲು ಅಂಗೈ ಮೇಲೆ ಗೀಚಿ ನೋಡಿಕೊಂಡೆ.

ಹಾಗೆ, ಚನ್ನರಾಯಪಟ್ಟಣದ ಮೇಡಂ, ಆ ವರ್ಷ ಕೆಟ್ಟದ್ದು ಇಷ್ಟು: ಬೀಗದ ಕೈ ಕಳೆಯಿತು. ಕಳೆದವನು ನಾನು.